ತೂಕವೂ ಒಂದು ರಿಪೋರ್ಟೇ

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ಕುಂದಾಣ. ನಮ್ಮಲ್ಲಿ ಆರೋಗ್ಯ ಅಳೆಯೋದು ಮುದ್ದೆ ಲೆಕ್ಕದಲ್ಲಿ. "ಎರಡು ಮುದ್ದೆ ಉಣ್ತಾನೆ" ಅಂದ್ರೆ ಆಳು ಗಟ್ಟಿ ಅಂತ. ಜಠರದ ಕ್ಯಾನ್ಸರ್‌ಗೆ ತಾತನಿಗೆ ಆಪರೇಷನ್ ಆದ್ಮೇಲೆ ಈ ಲೆಕ್ಕ ಕೆಲಸಕ್ಕೆ ಬರಲಿಲ್ಲ.

ಜಠರದ ಬಹುಪಾಲು ತೆಗೆದ್ರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡತ್ತೆ. ಮೇಲೆ ಕೀಮೋ: ವಾಕರಿಕೆ, ಬಾಯಿಹುಣ್ಣು, ನಾಲಿಗೆಗೆ ರುಚಿಯೇ ಇಲ್ಲ. ತಾತ ತಟ್ಟೆ ಸರಿಸಿದ್ರೆ ನೋಡೋಕೆ ಬಂದೋರು "ಹಠ" ಅಂತಿದ್ರು. ಅದು ಹಠ ಅಲ್ಲ. ಮೈ ಕರಗಿದಷ್ಟೂ ಕೀಮೋ ತಡ್ಕೊಳ್ಳೋ ಶಕ್ತಿ ಕಡಿಮೆ. ಡೋಸ್ ಇಳಿಸಬೇಕಾಗಬಹುದು, ಮುಂದಿನ ಸೈಕಲ್ ಮುಂದಕ್ಕೆ ಹೋಗಬಹುದು. ಆರು ತಿಂಗಳಲ್ಲಿ ತೂಕ 5%ಗಿಂತ ಹೆಚ್ಚು ಇಳಿದ್ರೆ ಅದು ಅಪೌಷ್ಟಿಕತೆಯ ಸೂಚನೆ. 60 ಕೆಜಿ ಆಳಿಗೆ ಅದು ಬರೀ 3 ಕೆಜಿ!

ಇಂಥ ರೋಗಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ 25–30 ಕಿಲೋಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅದಕ್ಕೇ ನಮ್ಮನೇಲಿ ಮೂರು ಊಟ ಆರಾಯ್ತು. ರಾಗಿ ಗಂಜಿಗೆ ಹಾಲಿನ ಪುಡಿ, ಬೇಯಿಸಿದ ಮೊಟ್ಟೆ, ಮೆತ್ತಗಿನ ಬೇಳೆ. ನೀರು ಊಟದ ಜೊತೆ ಅಲ್ಲ, ಅರ್ಧ ಗಂಟೆ ಬಿಟ್ಟು. ಪ್ರತಿ ಭಾನುವಾರ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೀತೀವಿ. ಎರಡು ತಿಂಗಳಿಂದ ಆ ಸಂಖ್ಯೆ ಇಳಿದಿಲ್ಲ. ಏರಿಯೂ ಇಲ್ಲ, ಸದ್ಯಕ್ಕೆ ನಮಗೆ ಅಷ್ಟೇ ಸಾಕು.

ಒಬ್ಬೊಬ್ಬರ ದೇಹ ಒಂದೊಂದು ಥರ, ಆದ್ದರಿಂದ ಡಯಟಿಷಿಯನ್ ಮಾತು ಕೇಳಲೇಬೇಕು. ಬೆಂಗಳೂರಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಅವರು ಸಿಗ್ತಾರೆ. ಹಾಸ್ಟೆಲಿಂದ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ "ತೂಕ ಎಷ್ಟಿದೆ?" ಅಂತಲೂ ಕೇಳಿ.