ಸರದಿಯೂ ಸೇವೆಯೇ

ಬಸದಿಯಲ್ಲಿ ಅಷ್ಟವಿಧಾರ್ಚನೆ ಮಾಡುವಾಗ ಜಲ, ಗಂಧ, ಅಕ್ಷತೆ, ಪುಷ್ಪ, ನೈವೇದ್ಯ, ದೀಪ, ಧೂಪ, ಫಲ ಎಂಬ ಕ್ರಮವನ್ನು ಪಾಲಿಸುತ್ತೇವೆ. ಬೆಲೆಯುಳ್ಳದ್ದೆಂದು ಫಲವು ಮೊದಲಾಗುವುದಿಲ್ಲ. ಸುಲಭವಾಗಿ ದೊರೆಯುವುದೆಂದು ಜಲವು ಹಿಂದೆ ಬೀಳುವುದಿಲ್ಲ. ದ್ರವ್ಯಗಳಿಗಿರುವ ಈ ಕ್ರಮವು ಅವನ್ನು ಅರ್ಪಿಸುವ ಶ್ರಾವಕರಲ್ಲಿಯೂ ಇದೆಯೇ? ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ಒಂದು ಬಸದಿಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಕಲಶಾಭಿಷೇಕಕ್ಕೆ ಹೆಸರು ಕೊಟ್ಟವರ ಪಟ್ಟಿಯಂತೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಅಡಿಕೆ ವ್ಯಾಪಾರದ ಅವಸರದಲ್ಲಿದ್ದ ನಾನು ಮೊದಲೇ ಅವಕಾಶ ಕೊಡಿರೆಂದು ಕೇಳಿದೆ. ಇಂದ್ರರು ಮಾತನಾಡದೆ ಪಟ್ಟಿಯನ್ನು ನೋಡಿದರು. ಸರದಿಯಲ್ಲಿದ್ದ ವೃದ್ಧೆಯೊಬ್ಬರು, “ನೀವೇ ಮೊದಲು ಮಾಡಿ, ಶೆಟ್ಟರೇ” ಎಂದು ಸರಿದು ನಿಂತರು. ನಾನು ಮಾಡಿದೆ. ನನ್ನನ್ನು ಕಂಡು ಇನ್ನೂ ನಾಲ್ವರು ಮುಂದೆ ಬಂದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಆ ತಾಯಿ ಕಲಶವನ್ನು ಕೆಳಗಿಟ್ಟು ಹೊರಟುಹೋದರು. ಸಂಜೆ ಇಂದ್ರರು ಹೇಳಿದ್ದು ಇಷ್ಟೇ: “ಅವರ ಹೆಸರಿನಲ್ಲಿ ನಾನೇ ಅಭಿಷೇಕ ಮಾಡಿದೆ, ಶೆಟ್ಟರೇ.” ಲೆಕ್ಕಪುಸ್ತಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದ ನನಗೆ ಅಂದು ತೀರಿಸಲಾಗದ ಋಣವೊಂದು ಉಳಿಯಿತು.

ಮುಂದೆ ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದುವಾಗ ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥದ 24ನೆಯ ಅಧ್ಯಾಯವು ಈ ಪ್ರಸಂಗವನ್ನು ನೆನಪಿಗೆ ತಂದಿತು. ದಾವೀದ ಅರಸನು ಆರೋನನ ವಂಶದ ಯಾಜಕರನ್ನು 24 ವರ್ಗಗಳಾಗಿ ವಿಂಗಡಿಸಿದನೆಂದು ಅಲ್ಲಿ ಹೇಳಿದೆ. ಎಲ್ಲಾಜಾರನ ಸಂತತಿಯಲ್ಲಿ 16 ಮನೆತನಗಳು, ಈತಾಮಾರನ ಸಂತತಿಯಲ್ಲಿ 8. ಹೆಚ್ಚು ಜನರಿದ್ದ ಕವಲಿಗೆ ಮೊದಲ ಸ್ಥಾನವೆಂದು ತೀರ್ಮಾನಿಸದೆ ಚೀಟಿ ಹಾಕಿ ಸರದಿಯನ್ನು ಗೊತ್ತುಮಾಡಿ, ಅರಸನ ಸಮ್ಮುಖದಲ್ಲಿಯೇ ಬರೆಯಿಸಿದರು. ವಾರಕ್ಕೊಂದು ವರ್ಗದಂತೆ ಆಲಯಸೇವೆ ನಡೆಯುತ್ತಿತ್ತು. ಮುಂದಿನ ಅಧ್ಯಾಯದಲ್ಲಿ ಗಾಯಕರಿಗೂ ಇದೇ ನಿಯಮ. ಅಲ್ಲಿ ಗುರುಶಿಷ್ಯರೆಂಬ ಭೇದವೂ ಇಲ್ಲ.

ಅವರ ಆರಾಧನೆಯಲ್ಲಿದ್ದ ಪಶುಬಲಿಯನ್ನು ಅಹಿಂಸಾಧರ್ಮಿಗಳಾದ ನಾವು ಒಪ್ಪಲಾರೆವು. ಆದರೆ ಅನೇಕಾಂತದೃಷ್ಟಿಯುಳ್ಳವನು ಒಪ್ಪದುದನ್ನು ಬಿಟ್ಟು ಗುಣವನ್ನು ಗ್ರಹಿಸಬೇಕು. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ಆಲಯವನ್ನು ನಾಶಮಾಡಿದರು, ಬಲಿಯೂ ನಿಂತಿತು. ಆದರೂ ಆ 24 ವರ್ಗಗಳ ಹೆಸರುಗಳನ್ನು ಯೆಹೂದ್ಯರು ಮರೆಯಲಿಲ್ಲ. ಅವುಗಳನ್ನು ಕೊರೆದ ಶಿಲಾಫಲಕದ ತುಣುಕುಗಳು 1962ರಲ್ಲಿ ಕೈಸರಿಯದಲ್ಲಿ ದೊರೆತವು.

ನಮ್ಮ ಅರಳಸುರಳಿಗೆ ದೂರವಲ್ಲದ ಹುಂಚದಲ್ಲಿ ಸಾಂತರರ ಕಾಲದ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯಿದೆ. ಕಟ್ಟಿಸಿದವಳ ಹೆಸರು ಶಾಸನದಲ್ಲಿದೆ. ಆದರೆ ಬಸದಿಗಳಲ್ಲಿ ತಲೆಮಾರುಗಳಿಂದ ತಮ್ಮ ಪಾಳಿಯಂದು ನಸುಕಿನಲ್ಲಿ ಎದ್ದು, ನೀರು ತಂದು, ದೀಪ ಬೆಳಗಿಸಿದವರ ಹೆಸರು ಯಾವ ಕಲ್ಲಿನಲ್ಲಿದೆ? ದಾನವು ಬಸದಿಯನ್ನು ಕಟ್ಟುತ್ತದೆ; ಸರದಿ ತಪ್ಪದ ಸೇವೆಯು ಅದನ್ನು ಉಳಿಸುತ್ತದೆ.

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆಯೊಂದಿಗೆ ಸಂಯಮವೂ ಸೇರಿದೆ. ಅನ್ಯರ ಸರದಿಯನ್ನು ಕಿತ್ತುಕೊಂಡು ಮಾಡಿದ ಪೂಜೆಯಲ್ಲಿ ಸಂಯಮವೆಲ್ಲಿ? ಅದು ಒಂದು ಬಗೆಯ ಅದತ್ತಾದಾನವೇ ಅಲ್ಲವೇ? ಆ ತಾಯಿಯನ್ನು ಮತ್ತೆ ಕಾಣಲಿಲ್ಲ, ಕ್ಷಮೆ ಕೇಳಲಾಗಲಿಲ್ಲ. ಈಗ ಕಲಶ ಹಿಡಿದು ನಿಂತಾಗಲೆಲ್ಲ ಹಿಂದೆ ತಿರುಗಿ ನೋಡುತ್ತೇನೆ. ಬಸ್ಸಿಗೆ ಹೋಗುವವರು ಯಾರಾದರೂ ಇದ್ದರೆ ಅವರನ್ನು ಮುಂದೆ ಕರೆಯುತ್ತೇನೆ.