ರಾರಾವಿಯ ಹೊಳೆಯ ದಡದಲ್ಲಿ

ಸಿರುಗುಪ್ಪದಿಂದ ಆದವಾನಿಗೆ ಹೋಗುವ ಮಾರ್ಗದಲ್ಲಿ ರಾರಾವಿಯೆಂಬ ಗ್ರಾಮವಿರುವುದು. ಬಳಿಯಲ್ಲೇ ವೇದಾವತಿಯು ಹರಿಯುವುದು. ಜನರು ಅದನ್ನು ಹಗರಿಯೆನ್ನುವರು. ಮಳೆಗಾಲ ಕಳೆದರೆ ನೀರಿಗಿಂತ ಮರಳೇ ಹೆಚ್ಚು. ಇದೇ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವನ್ನು ನೋಡಿಕೊಂಡು ನಾವು ಇಲ್ಲಿಗೆ ಬಂದೆವು. ಜೊತೆಯಲ್ಲಿದ್ದ ಬಳ್ಳಾರಿಯ ಕ್ರೈಸ್ತ ಉಪಾಧ್ಯಾಯರು, “ಅಶೋಕನಿಗೆ ಬಂಡೆಯಿದೆ, ನಮ್ಮ ಸ್ವಾಮಿಗೆ ಏನಿದೆಯೆಂದು ನನ್ನ ಮಗನು ಕೇಳುತ್ತಾನೆ, ರಾಯರೆ. ದೇವಾಲಯಕ್ಕೆ ಬರುವುದನ್ನೂ ಬಿಟ್ಟಿದ್ದಾನೆ” ಎಂದರು.

ಮಗನ ಪ್ರಶ್ನೆ ಉಡಾಫೆಯದಲ್ಲ. ‘ದೇವಾನಾಂಪ್ರಿಯ’ನೇ ಅಶೋಕನೆಂಬುದು 1915ರಲ್ಲಿ ಮಸ್ಕಿಯ ಶಾಸನ ದೊರೆತ ಮೇಲೆ ನಿಶ್ಚಯವಾಯಿತು, ನಿಟ್ಟೂರಿನ ಬಂಡೆಯಲ್ಲಿಯೂ ಆ ಹೆಸರಿದೆ. ಬಡಗಿಯ ಮನೆಯಲ್ಲಿ ಬೆಳೆದ ಯೇಸುವು ಬಂಡೆ ಕೊರೆಯಿಸುವುದೆಲ್ಲಿಂದ ಬಂತು? ಆದರೂ ಸಾಕ್ಷ್ಯವಿಲ್ಲದೆ ಇಲ್ಲ. ಯೇಸುವಿನ ಮರಣದ ಸುಮಾರು ಇಪ್ಪತ್ತೈದು ವರ್ಷಗಳೊಳಗಾಗಿ ಪೌಲನು ಬರೆದ ಪತ್ರವೊಂದರಲ್ಲಿ, ತಾನು ಯೇಸುವಿನ ಸಹೋದರನಾದ ಯಾಕೋಬನನ್ನು ಕಂಡೆನೆಂದಿರುವನು. ಕ್ರಿಸ್ತನಿಗೆ ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪಿಲಾತನು ಮರಣದಂಡನೆ ವಿಧಿಸಿದನೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸನು ಎರಡನೆಯ ಶತಮಾನದ ಆರಂಭದಲ್ಲಿ ಬರೆದನು. ಅವನು ಕ್ರೈಸ್ತರ ಮಿತ್ರನೇನೂ ಅಲ್ಲ. ಪಿಲಾತನ ಹೆಸರುಳ್ಳ ಶಿಲೆಯು 1961ರಲ್ಲಿ ಕೈಸರೈಯದಲ್ಲಿ ದೊರೆಯಿತು. ಆ ತಿಬೇರಿಯನ ಬೆಳ್ಳಿಯ ನಾಣ್ಯವೊಂದು ನಮ್ಮ ಚಂದ್ರವಳ್ಳಿಯಲ್ಲಿಯೂ 1947ರ ಉತ್ಖನನದಲ್ಲಿ ಸಿಕ್ಕಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಈ ವೇದಾವತಿಯು ಹಾದು ಬರುವ ಚಿತ್ರದುರ್ಗದ ಸೀಮೆಯಲ್ಲಿಯೇ! ಅದು ಚಕ್ರವರ್ತಿಗೆ ಸಾಕ್ಷಿಯೇ ಹೊರತು ಯೇಸುವಿಗಲ್ಲವೆಂಬುದು ಬೇರೆ ಮಾತು.

ಯೇಸು ಇದ್ದನು, ಶಿಲುಬೆಗೇರಿದನು. ಇದನ್ನು ನಂಬದ ಇತಿಹಾಸಜ್ಞರೂ ಬಹುಮಟ್ಟಿಗೆ ಒಪ್ಪುವರು. ತೊಡಕು ಅನಂತರದ್ದು. ಮತ್ತಾಯನ ಪ್ರಕಾರ ಯೇಸುವಿನ ಜನನವು ಹೆರೋದ ರಾಜನ ಕಾಲದಲ್ಲಿ. ಆ ರಾಜನು ಕ್ರಿ.ಪೂ. 4ರಲ್ಲಿ ಸತ್ತನೆಂದು ಸಾಮಾನ್ಯವಾಗಿ ಎಣಿಸುವರು. ಲೂಕನು ಹೇಳುವ ಕುರೇನ್ಯನ ಜನಗಣತಿಯಾದರೋ ಕ್ರಿ.ಶ. 6ರದು. ಇವೆರಡನ್ನೂ ಹೊಂದಿಸಲು ಪಂಡಿತರು ಬಹಳ ಹೆಣಗಿರುವರು. ಆ ಸಮಾಧಾನಗಳು ನಮಗಂತೂ ಒಪ್ಪಿಗೆಯಾಗಲಿಲ್ಲ. ಪುನರುತ್ಥಾನವನ್ನು ಯಾವ ನಾಣ್ಯವೂ ಸಾಧಿಸಲಾರದು, ಅಲ್ಲಗಳೆಯಲೂ ಆರದು. ನಿಟ್ಟೂರಿನ ಬಂಡೆಯ ಗತಿಯೂ ಅಷ್ಟೆ: ಅಶೋಕನು ಉಪಾಸಕನಾದನೆಂದು ಅದು ಹೇಳುವುದು, ಬುದ್ಧನು ನಿರ್ವಾಣವನ್ನು ಕಂಡನೆಂದು ರುಜುವಾತು ಮಾಡಲಾರದು. ನಾವು ಇಷ್ಟನ್ನು ಹೇಳಿದಾಗ ಉಪಾಧ್ಯಾಯರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಕುರೇನ್ಯನ ಸಂಗತಿಯನ್ನು ನಾನೇ ಮಗನಿಗೆ ತಿಳಿಸಲೆ?” ಎಂದು ಕೇಳಿದರು. ತಿಳಿಸಿರೆಂದೆವು. ತಂದೆಯು ಮುಚ್ಚಿಟ್ಟುದನ್ನು ಮಗನು ಬೇರೆಡೆ ಓದಿದರೆ, ಶಂಕೆಯು ತಂದೆಯ ಮೇಲೆಯೇ ತಿರುಗೀತು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸತೊಡಗಿದರು. 1831ರ ವೇಳೆಗೆ ಅದು ಪೂರ್ಣವಾಯಿತು. ಮತ್ತಾಯನ ಹೆರೋದನೂ ಲೂಕನ ಕುರೇನ್ಯನೂ ಅಂದಿನಿಂದ ಕನ್ನಡದಲ್ಲಿ ಒಂದೇ ಪುಸ್ತಕದೊಳಗೆ ಇದ್ದಾರೆ.