ಜೂನ್ ಒಂದರ ಊಟ

ನಮ್ಮಪ್ಪನಿಗೆ ಎರಡು ಹುಟ್ಟುಹಬ್ಬ. ಒಂದು ಅಜ್ಜಿ ಹೇಳುತ್ತಿದ್ದದ್ದು: 'ರಾಗಿ ತೆನೆ ಬಿಡೋ ಕಾಲ, ಜೋರು ಮಳೆ, ಸೂಲಗಿತ್ತಿ ಬರೋದು ತಡವಾಯ್ತು.' ತಾರೀಖು ಯಾರಿಗೂ ಗೊತ್ತಿಲ್ಲ. ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ 1954ರ ಜೂನ್ 1. ಆ ಕಾಲದ ಮೇಷ್ಟ್ರುಗಳು ಹುಡುಗನ ಕೈಯನ್ನು ತಲೆಯ ಮೇಲಿಂದ ಬಳಸಿ ಆಚೆಯ ಕಿವಿ ಮುಟ್ಟಿಸಿ, ಮುಟ್ಟಿದರೆ ಸೇರಿಸಿಕೊಂಡು, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಮುಂದೆ ತಾವೇ ಹೆಡ್‌ಮಾಸ್ಟರಾದ ಅಪ್ಪ ಅದೆಷ್ಟು ಮಕ್ಕಳಿಗೆ ಈ ತಾರೀಖನ್ನು ದಯಪಾಲಿಸಿದರೋ! ನಿಮ್ಮ ಮನೆಯಲ್ಲೂ ಒಬ್ಬರು ಇದ್ದಾರು, ನೋಡಿ.

ಈ ಸುಳ್ಳು ಹುಟ್ಟುಹಬ್ಬವನ್ನು ನಾವು ಎಂದೂ ಆಚರಿಸಿದವರಲ್ಲ. 2024ರಲ್ಲಿ ಮಾತ್ರ ಆಚರಿಸಲೇಬೇಕೆನ್ನಿಸಿತು.

ಆ ವರ್ಷದ ಫೆಬ್ರುವರಿಯ ಒಂದು ಬೆಳಿಗ್ಗೆ ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಮಾತು ತೊದಲಿತು. ಅಮ್ಮ ಗಾಬರಿಯಿಂದ ಫೋನ್ ಮಾಡಿದಾಗ 'ನಿದ್ದೆ ಸಾಲದೆ ಇರಬೇಕು, ಸ್ವಲ್ಪ ಮಲಗಲಿ ಬಿಡಮ್ಮ' ಅಂದವಳು ನಾನೇ. ಮಧ್ಯಾಹ್ನ ಬಾಯಿ ಸೊಟ್ಟಗಾದ ಮೇಲೆ ಆಸ್ಪತ್ರೆಗೆ ಓಡಿದೆವು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು. ಬಲಗೈ, ಮಾತು ಎರಡಕ್ಕೂ ಪೆಟ್ಟು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ತಲುಪುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ವೈದ್ಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಿನವೂ ವ್ಯಾಯಾಮ ಮಾಡಿ ಮೂರು ತಿಂಗಳಲ್ಲಿ ಅಪ್ಪ ಕೋಲೂರಿ ನಡೆಯತೊಡಗಿದರು. ಬಲಗೈ ಮಾತ್ರ ಬಾಯಿಯವರೆಗೆ ಬರುತ್ತಿರಲಿಲ್ಲ. ಹೊರಗೆ ಊಟ ಎಂದಾಗ ಎಡಗೈ ಎತ್ತಿ ತೋರಿಸಿ ತಲೆಯಾಡಿಸಿದರು. ನಾಲ್ಕು ಜನರೆದುರು ಎಡಗೈಯಲ್ಲಿ ಉಣ್ಣುವುದೇ? ಪಿಯುಸಿ ಓದುವ ನನ್ನ ಮಗ ಹುಟ್ಟಾ ಎಡಚ. ಅವನ ಎಡಗೈ ತುತ್ತಿಗೆ ಹೋದಾಗಲೆಲ್ಲ ಕಣ್ಣು ಕೆಂಪಗೆ ಮಾಡುತ್ತಿದ್ದವರು ಇವರೇ. ಕೊನೆಗೆ ಬರೆಯುವುದು ಎಡಗೈ, ಉಣ್ಣುವುದು ಬಲಗೈ ಎಂದು ತಾತ ಮೊಮ್ಮಗ ರಾಜಿಯಾಗಿದ್ದರು.

ಅಮ್ಮ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಎಂದಾಗ ಅಪ್ಪ ಮೆತ್ತಗಾದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಅಲ್ಲಿ ರವೆ ಇಡ್ಲಿ ಹುಟ್ಟಿದ ಕತೆಯನ್ನು ಸಮಾಜ ಪಾಠದ ನಡುವೆ ಹೇಳದೆ ಬಿಟ್ಟವರಲ್ಲ ಅವರು. 1924ರಲ್ಲಿ ಶುರುವಾದ ಹೋಟೆಲಿಗೂ ಅದು ನೂರನೇ ವರ್ಷ.

ಶನಿವಾರ, ಕಾದು ಕೂತು ಒಳಗೆ ಹೋದೆವು. ಮೊದಲು ಹಣ್ಣಿನ ರಸ ಬಂತು. ನನಗೆ ಎದೆ ಡವಡವ. ಈ ಕಾಯಿಲೆಯಲ್ಲಿ ಗಟ್ಟಿ ಪದಾರ್ಥಕ್ಕಿಂತ ತೆಳ್ಳಗಿನದೇ ಗಂಟಲಲ್ಲಿ ದಾರಿ ತಪ್ಪುವುದು. ಅಪ್ಪ ಹೇಳಿಕೊಟ್ಟಂತೆ ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ಕುಡಿದರು. ಕೋಸಂಬರಿ, ಪಲ್ಯ ಬಂದವು. ಬಿಸಿಬೇಳೆಬಾತ್ ತಟ್ಟೆಗೆ ಬಿದ್ದು ತುಪ್ಪದ ಘಮ ಎದ್ದಾಗ ಎಲ್ಲರೂ ಕೈ ಹಾಕಿದೆವು, ಅಪ್ಪ ಹಾಕಲಿಲ್ಲ. ಅಮ್ಮ ಚಮಚ ಎತ್ತಿಕೊಂಡರೆ ಮುಖ ತಿರುಗಿಸಿದರು.

ನನ್ನ ಮಗ ಏನೂ ಮಾತಾಡದೆ ಎಡಗೈ ತೊಳೆದುಕೊಂಡು ಬಂದು, ತಾತನ ಎದುರಿಗೇ ಎಡಗೈಯಲ್ಲಿ ಕಲಸಿ ತಿನ್ನತೊಡಗಿದ. ಅಪ್ಪ ಹಳೆಯ ಹೆಡ್‌ಮಾಸ್ಟರ್ ಕಣ್ಣಲ್ಲಿ ದುರುಗುಟ್ಟಿದರು. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಎಡಗೈ ತಟ್ಟೆಗಿಳಿಯಿತು. ಅರ್ಧ ತುತ್ತು ಪಂಚೆಯ ಮೇಲೆ, ಅರ್ಧ ಬಾಯಿಗೆ. ನಾನು ಪಲ್ಯ ನೋಡುತ್ತಾ ಕೂತೆ.

ಸಾರನ್ನ ಬೇಡವೆಂದರು, ಬಿಸಿಬೇಳೆಬಾತ್ ಎರಡನೇ ಸಲ ಹಾಕಿಸಿಕೊಂಡರು. ಉಪ್ಪು ಕಡಿಮೆ ಮಾಡಿ ಎಂದ ವೈದ್ಯರ ಮಾತನ್ನು ಅಂದು ಯಾರೂ ಎತ್ತಲಿಲ್ಲ.

ಬಡಿಸುವವರು 'ಏನು ವಿಶೇಷ ಯಜಮಾನ್ರೇ?' ಎಂದರು. 'ಹುಟ್ಟಿದ ಹಬ್ಬ, ಎಪ್ಪತ್ತು' ಎಂದಳು ಅಮ್ಮ. ಅಪ್ಪ ಕೈ ಅಡ್ಡ ಮಾಡಿದರು. ಪದ ಹುಡುಕಿದರು. ನಾವು ಯಾರೂ ಪೂರ್ತಿ ಮಾಡಿಕೊಡಬಾರದೆಂದು ತುಟಿ ಕಚ್ಚಿ ಕಾದೆವು.

'ಸುಳ್ಳು... ಮೇಷ್ಟ್ರು... ಬರೆದದ್ದು.'

ಬಡಿಸುವವರು ಪಾತ್ರೆ ಕೆಳಗಿಟ್ಟು ನಕ್ಕರು. 'ನಂದೂ ಜೂನ್ ಒಂದೇ ಸ್ವಾಮಿ.'